ಮನೆಯ ಗಣಕಕ್ಕೆ ಫ್ಯಾಕ್ಸ್ ಮೋಡೆಮ್: ಯಂತ್ರಾಂಶ ಮತ್ತು ತಂತ್ರಾಂಶಗಳ ಆಯ್ಕೆ ಹೇಗೆ?

ಕಾಗದದ ಮೇಲಿನ ಬರಹವನ್ನು ಕಪ್ಪು-ಬಿಳುಪು ಚುಕ್ಕಿಗಳನ್ನಾಗಿ ವಿಂಗಡಿಸಿ, ಆ ಚುಕ್ಕಿಗಳನ್ನು ಧ್ವನಿಯ ರೂಪದಲ್ಲಿ ದೂರವಾಣಿ ತಂತಿಯ ಮೂಲಕ ರವಾನಿಸಿ, ಇನ್ನೊಂದು ತುದಿಯಲ್ಲಿ ಮತ್ತೆ ಬರಹವಾಗಿ ಮೂಡಿಸುವ ವ್ಯವಸ್ಥೆಯೇ ಫ್ಯಾಕ್ಸ್. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ ಇದರ ಮೂಲ ಕಲ್ಪನೆಗೆ ಪೇಟೆಂಟ್ ಪಡೆದದ್ದು 1843ರಲ್ಲಿ. ಅಂದರೆ ಫ್ಯಾಕ್ಸ್‌ನ ಕಲ್ಪನೆ ದೂರವಾಣಿಗಿಂತಲೂ ಹಳೆಯದು. ಭಾರತದಲ್ಲಿ ಟೆಲಿಗ್ರಾಂ ಸೇವೆ 2013ರ ಜುಲೈ ತಿಂಗಳಿನಲ್ಲಿ ಕೊನೆಗೊಂಡಿತು. ಮಿಂಚಂಚೆಯ ಕಾಲದಲ್ಲಿ ಫ್ಯಾಕ್ಸ್ ಕೂಡ ಅದೇ ಹಾದಿ ಹಿಡಿಯುವುದೆಂದು ಹಲವರು ಭಾವಿಸಿದ್ದರು. ಆದರೆ ಅದು ಪೂರ್ತಿಯಾಗಿ ಮರೆಯಾಗಿಲ್ಲ.

ಅಮೆರಿಕದ ಆಸ್ಪತ್ರೆಗಳು ಹಾಗೂ ವಿಮಾ ಸಂಸ್ಥೆಗಳು, ಜಪಾನಿನ ಅನೇಕ ಕಚೇರಿಗಳು ಈಗಲೂ ಫ್ಯಾಕ್ಸ್ ಬಳಸುತ್ತಿವೆ. ಕರ್ನಾಟಕದ ಸಣ್ಣ ಉದ್ಯಮಿಗೂ ಇದು ಎದುರಾಗುವುದುಂಟು. ಉದಾಹರಣೆಗೆ, ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಉದ್ಯೋಗದಾತರ ಗುರುತು ಸಂಖ್ಯೆ ಪಡೆಯಬೇಕಾದವರ ಮುಖ್ಯ ವ್ಯವಹಾರ ಸ್ಥಳ ಆ ದೇಶದ ಹೊರಗಿದ್ದರೆ, ಅವರು ಅಂತರಜಾಲದ ಮೂಲಕ ಅರ್ಜಿ ಸಲ್ಲಿಸುವಂತಿಲ್ಲ. ದೂರವಾಣಿ, ಫ್ಯಾಕ್ಸ್ ಅಥವಾ ಅಂಚೆಯನ್ನೇ ಅವಲಂಬಿಸಬೇಕು. ಅಂಚೆಗೆ ವಾರಗಳು ಬೇಕು. ಆಗ ನೆನಪಾಗುವುದು ಫ್ಯಾಕ್ಸ್.

ಇದಕ್ಕಾಗಿ ಪ್ರತ್ಯೇಕ ಫ್ಯಾಕ್ಸ್ ಯಂತ್ರ ಕೊಳ್ಳಬೇಕಾಗಿಲ್ಲ. ಮನೆಯ ಗಣಕಕ್ಕೆ ಅಂಗೈಯಗಲದ ಒಂದು ಮೋಡೆಮ್, ಒಂದು ತಂತ್ರಾಂಶ ಹಾಗೂ ಒಂದು ದೂರವಾಣಿ ತಂತಿ ಇದ್ದರೆ ಸಾಕು. ಆದರೆ ಇವುಗಳ ಆಯ್ಕೆಯಲ್ಲಿ ಬಹಳಷ್ಟು ಮಂದಿ ಎಡವುತ್ತಾರೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ವೇಗವನ್ನು ನೋಡಿ ಮೋಡೆಮ್ ಕೊಂಡು, ತಂತ್ರಾಂಶವನ್ನು ಆಮೇಲೆ ಹುಡುಕಿ, ದೂರವಾಣಿ ಸಂಪರ್ಕದ ವಿಚಾರವನ್ನು ಕಟ್ಟಕಡೆಗೆ ಯೋಚಿಸುತ್ತಾರೆ. ಸರಿಯಾದ ಕ್ರಮ ಬೇರೆಯೇ ಇದೆ. ಮೊದಲು ದೂರವಾಣಿ ಸಂಪರ್ಕ, ಅನಂತರ ಗಣಕದ ಕಾರ್ಯಾಚರಣ ವ್ಯವಸ್ಥೆ, ಆಮೇಲೆ ಮೋಡೆಮ್, ಕೊನೆಗೆ ತಂತ್ರಾಂಶ. ಈ ಕ್ರಮ ತಪ್ಪಿದರೆ ಹಣ ಮಾತ್ರವಲ್ಲ, ಕೊನೆಯ ದಿನದಂದು ಕಳುಹಿಸಬೇಕಾದ ದಾಖಲೆಯೂ ಕೈತಪ್ಪಬಹುದು.

ನಿಜವಾಗಿಯೂ ಅಗತ್ಯವಿದೆಯೆ?

ವರ್ಷಕ್ಕೆ ಎರಡು-ಮೂರು ಪುಟಗಳನ್ನು ಮಾತ್ರ ಕಳುಹಿಸುವವರು ಮೋಡೆಮ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಅಂತರಜಾಲದ ಮೂಲಕ ಫ್ಯಾಕ್ಸ್ ಕಳುಹಿಸಿಕೊಡುವ ಸೇವೆಗಳಿವೆ. ಕಡತವನ್ನು ಅವರ ಜಾಲತಾಣಕ್ಕೆ ಸೇರಿಸಿದರೆ, ಅವರೇ ಅದನ್ನು ಫ್ಯಾಕ್ಸ್ ಸಂಖ್ಯೆಗೆ ರವಾನಿಸುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಿಮ್ಮ ವೈದ್ಯಕೀಯ ವರದಿ, ಪಾಸ್‌ಪೋರ್ಟ್ ಪ್ರತಿ ಅಥವಾ ತೆರಿಗೆ ಪತ್ರ ಮೂರನೆಯವರ ಗಣಕದಲ್ಲಿ ಕುಳಿತಿರುತ್ತದೆ. ಅದು ಎಷ್ಟು ದಿನ ಅಲ್ಲಿರುತ್ತದೆ ಎಂಬುದನ್ನು ಆ ಸೇವೆಯ ನಿಯಮಗಳಲ್ಲಿ ಓದಿಯೇ ಮುಂದುವರಿಯಬೇಕು.

ತಿಂಗಳಿಗೆ ಹಲವು ದಾಖಲೆಗಳನ್ನು ಕಳುಹಿಸುವವರು, ಗೋಪ್ಯ ಪತ್ರಗಳನ್ನು ಮಧ್ಯವರ್ತಿಗಳ ಕೈಗೆ ಕೊಡಲು ಒಪ್ಪದವರು, ಸ್ವಂತ ಸಂಖ್ಯೆಯಲ್ಲಿಯೇ ಫ್ಯಾಕ್ಸ್ ಸ್ವೀಕರಿಸಬೇಕಾದವರು ಮೋಡೆಮ್ ಕೊಳ್ಳಬಹುದು. ಸಹಿ ಮಾಡಿದ ಕಾಗದವನ್ನು ಕಳುಹಿಸಬೇಕಾದರೆ ಸ್ಕ್ಯಾನರ್ ಕೂಡ ಬೇಕೆಂಬುದು ನೆನಪಿನಲ್ಲಿರಲಿ. ಗಣಕದಲ್ಲಿಯೇ ಸಿದ್ಧವಾದ ಪತ್ರಕ್ಕೆ ಅದರ ಅಗತ್ಯವಿಲ್ಲ.

ಫ್ಯಾಕ್ಸ್ ಕರೆ ನಡೆಯುವ ಬಗೆ

ಆಯ್ಕೆ ಸರಿಯಾಗಬೇಕಾದರೆ ಕರೆಯ ಸಮಯದಲ್ಲಿ ಏನು ನಡೆಯುತ್ತದೆ ಎಂಬುದು ಸ್ವಲ್ಪವಾದರೂ ತಿಳಿದಿರಬೇಕು. ಈಗ ಬಳಕೆಯಲ್ಲಿರುವುದು ‘ಗ್ರೂಪ್ 3’ ಎಂಬ ಮಾನಕ. ಇದು 1980ರಲ್ಲಿ ಅಂತಾರಾಷ್ಟ್ರೀಯ ಒಪ್ಪಿಗೆ ಪಡೆಯಿತು. ಪುಟದ ಚಿತ್ರವನ್ನು ಹೇಗೆ ಸಂಕುಚಿಸಬೇಕು ಎಂಬುದನ್ನು ಟಿ.4 ಎಂಬ ದಾಖಲೆಯೂ, ಎರಡು ಯಂತ್ರಗಳು ಹೇಗೆ ಮಾತನಾಡಿಕೊಳ್ಳಬೇಕು ಎಂಬುದನ್ನು ಟಿ.30 ಎಂಬ ದಾಖಲೆಯೂ ವಿವರಿಸುತ್ತವೆ.

ಕರೆ ಮಾಡಿದ ಯಂತ್ರವು 1100 ಹರ್ಟ್ಸ್‌ನ ಧ್ವನಿಯನ್ನು ಅರ್ಧ ಸೆಕೆಂಡಿನ ಕಾಲ ಹೊರಡಿಸಿ, ಮೂರು ಸೆಕೆಂಡು ಸುಮ್ಮನಿದ್ದು, ಮತ್ತೆ ಹೊರಡಿಸುತ್ತದೆ. ಉತ್ತರಿಸುವ ಯಂತ್ರವು 2100 ಹರ್ಟ್ಸ್‌ನ ಧ್ವನಿಯಿಂದ ಪ್ರತಿಕ್ರಿಯಿಸುತ್ತದೆ. ಬಳಿಕ ಸೆಕೆಂಡಿಗೆ ಕೇವಲ 300 ಬಿಟ್‌ಗಳ ನಿಧಾನಗತಿಯಲ್ಲಿ ಎರಡೂ ತಮ್ಮ ಸಾಮರ್ಥ್ಯಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಒಪ್ಪಿಕೊಂಡ ವೇಗದಲ್ಲಿ ಒಂದೂವರೆ ಸೆಕೆಂಡಿನ ಪರೀಕ್ಷೆ ನಡೆಯುತ್ತದೆ. ಅದು ವಿಫಲವಾದರೆ ವೇಗವನ್ನು ಒಂದೊಂದೇ ಮೆಟ್ಟಿಲು ಇಳಿಸಲಾಗುತ್ತದೆ. 14400ರಿಂದ 12000, ಅಲ್ಲಿಂದ 9600, ಹೀಗೆ 2400ರವರೆಗೆ. ಪುಟ ಹೋದ ಮೇಲೆ ಸ್ವೀಕರಿಸಿದ ಯಂತ್ರವು ‘ತಲುಪಿತು’ ಎಂಬ ಸಂಕೇತ ಕೊಡುತ್ತದೆ.

ಇಲ್ಲಿ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಫ್ಯಾಕ್ಸ್ ಎಂಬುದು ಕ್ಷಣಕ್ಷಣಕ್ಕೂ ಸಮಯಪಾಲನೆಯನ್ನು ಬೇಡುವ ಸಂಭಾಷಣೆ. ನಡುವೆ ಒಂದಿಷ್ಟು ತಡವಾದರೂ ಮಾತು ಮುರಿಯುತ್ತದೆ. ಎರಡನೆಯದಾಗಿ, ಎರಡು ಯಂತ್ರಗಳ ಪೈಕಿ ದುರ್ಬಲವಾದುದರ ಸಾಮರ್ಥ್ಯದಷ್ಟೇ ಇಡೀ ಕರೆಯ ಸಾಮರ್ಥ್ಯ.

‘56ಕೆ’ ಎಂಬ ಸಂಖ್ಯೆಯ ಭ್ರಮೆ

ಮೋಡೆಮ್‌ಗಳ ಪೆಟ್ಟಿಗೆಯ ಮೇಲೆ ‘56ಕೆ’ ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ. ಅದು ಡಯಲ್-ಅಪ್ ಅಂತರಜಾಲಕ್ಕೆ ಸಂಬಂಧಿಸಿದ ವೇಗ. 1998ರ ವಿ.90 ಮಾನಕದಲ್ಲಿ ಸೇವಾದಾತರಿಂದ ಗ್ರಾಹಕನ ಕಡೆಗೆ ಬರುವ ಮಾಹಿತಿಗೆ ಮಾತ್ರ ಅನ್ವಯಿಸುವಂತಹುದು. ಫ್ಯಾಕ್ಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಫ್ಯಾಕ್ಸ್‌ನಲ್ಲಿ ಸಾಮಾನ್ಯ ಮೋಡೆಮ್‌ನ ಗರಿಷ್ಠ ವೇಗ ಸೆಕೆಂಡಿಗೆ 14400 ಬಿಟ್. ಇದಕ್ಕೆ ವಿ.17 ಎಂದು ಹೆಸರು. ‘ಸೂಪರ್ ಜಿ3’ ಎನ್ನಲಾಗುವ ವಿ.34 ಬಗೆಯಲ್ಲಿ 33600 ಬಿಟ್‌ವರೆಗೆ ಹೋಗಬಹುದು. ಆದರೆ ಎರಡೂ ತುದಿಗಳಲ್ಲಿ ಅದೇ ಸೌಲಭ್ಯವಿರಬೇಕು, ತಂತಿಯೂ ಶುದ್ಧವಾಗಿರಬೇಕು.

ಲೆಕ್ಕ ಹಾಕಿ ನೋಡೋಣ. ಎ4 ಪುಟದ ಒಂದು ಗೆರೆಯಲ್ಲಿ 1728 ಚುಕ್ಕಿಗಳು. ಸಾಧಾರಣ ದರ್ಜೆಯಲ್ಲಿ ಪ್ರತಿ ಮಿಲಿಮೀಟರಿಗೆ 3.85 ಗೆರೆಗಳಂತೆ, 297 ಮಿಲಿಮೀಟರ್ ಉದ್ದದ ಪುಟಕ್ಕೆ ಸುಮಾರು 1143 ಗೆರೆಗಳು. ಒಟ್ಟು ಸುಮಾರು 19.75 ಲಕ್ಷ ಚುಕ್ಕಿಗಳು. ಸಂಕುಚಿಸದೆ ಕಳುಹಿಸಿದರೆ 14400ರ ವೇಗದಲ್ಲಿಯೂ ಎರಡು ನಿಮಿಷಕ್ಕಿಂತ ಹೆಚ್ಚು ಬೇಕಾಗುತ್ತಿತ್ತು. ಪುಟದ ಬಹುಭಾಗ ಬಿಳಿಯಾಗಿರುವುದರಿಂದ, ಉದ್ದುದ್ದ ಬಿಳಿ ಭಾಗಗಳಿಗೆ ಚಿಕ್ಕ ಸಂಕೇತಗಳನ್ನು ಕೊಡುವ ಸಂಕೋಚನ ವಿಧಾನವು ಸಾಮಾನ್ಯ ಪತ್ರವನ್ನು ಒಂದು ನಿಮಿಷದೊಳಗೆ ಮುಗಿಸುತ್ತದೆ. ಒಂದೆರಡು ಪುಟ ಕಳುಹಿಸುವವರಿಗೆ 33600ರಿಂದ ಆಗುವ ಲಾಭ ಅಲ್ಪ. ಆರಂಭದ ಮಾತುಕತೆಗೇ ಸಾಕಷ್ಟು ಸೆಕೆಂಡುಗಳು ವ್ಯಯವಾಗುತ್ತವೆ.

ವೇಗಕ್ಕಿಂತ ಮುಖ್ಯವಾಗಿ ನೋಡಬೇಕಾದುದು ದೋಷ ತಿದ್ದುಪಡಿ ಸೌಲಭ್ಯ. ಇದಕ್ಕೆ ಇಸಿಎಂ ಎನ್ನುತ್ತಾರೆ. ಇದರಲ್ಲಿ ಪುಟವನ್ನು ಚಿಕ್ಕ ಚಿಕ್ಕ ತುಣುಕುಗಳನ್ನಾಗಿ ಮಾಡಿ ಕಳುಹಿಸಲಾಗುತ್ತದೆ. ಕೆಟ್ಟ ತುಣುಕುಗಳನ್ನಷ್ಟೇ ಎದುರಿನ ಯಂತ್ರ ಮತ್ತೆ ಕೇಳಿ ಪಡೆಯುತ್ತದೆ. ಬ್ಯಾಂಕ್ ಖಾತೆ ಸಂಖ್ಯೆಯೋ ಔಷಧದ ಪ್ರಮಾಣವೋ ಇರುವ ಸಾಲೊಂದು ಗದ್ದಲದಲ್ಲಿ ಅಳಿಸಿಹೋಗದಿರಲು ಇದೇ ರಕ್ಷಣೆ. ಈ ಸೌಲಭ್ಯ ಮೋಡೆಮ್ ಹಾಗೂ ತಂತ್ರಾಂಶ ಎರಡರಲ್ಲಿಯೂ ಇರಬೇಕು.

ಮೊದಲ ಹೆಜ್ಜೆ: ದೂರವಾಣಿ ಸಂಪರ್ಕ

ಫ್ಯಾಕ್ಸ್ ರೂಪುಗೊಂಡದ್ದು ತಾಮ್ರದ ತಂತಿಯ ಸ್ಥಿರ ದೂರವಾಣಿಗಾಗಿ. ಮನೆಯಲ್ಲಿ ಅಂತಹ ಸಂಪರ್ಕ ಉಳಿದಿದ್ದರೆ ಚಿಂತೆಯಿಲ್ಲ. ಅದೇ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಕೂಡ ಬರುತ್ತಿದ್ದರೆ, ಫ್ಯಾಕ್ಸ್ ಮೋಡೆಮ್‌ಅನ್ನು ಸ್ಪ್ಲಿಟರ್‌ನ ‘ಫೋನ್’ ಎಂಬ ಕಿಂಡಿಗೇ ಜೋಡಿಸಬೇಕು. ಬ್ರಾಡ್‌ಬ್ಯಾಂಡ್ ಮೋಡೆಮ್ ಬೇರೆ, ಫ್ಯಾಕ್ಸ್ ಮೋಡೆಮ್ ಬೇರೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಅನೇಕ ಊರುಗಳಲ್ಲಿ ತಾಮ್ರದ ಜಾಗಕ್ಕೆ ಆಪ್ಟಿಕಲ್ ಫೈಬರ್ ಬಂದಿದೆ. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ದೂರವಾಣಿಯ ಕಿಂಡಿ ಇದ್ದರೂ, ಒಳಗೆ ಧ್ವನಿಯು ಅಂತರಜಾಲದ ಪೊಟ್ಟಣಗಳಾಗಿ ಪಯಣಿಸುತ್ತದೆ. ಮಾತನಾಡುವಾಗ ಒಂದು ಪೊಟ್ಟಣ ಕಳೆದುಹೋದರೆ ಕಿವಿಗೆ ಗೊತ್ತಾಗುವುದಿಲ್ಲ. ಫ್ಯಾಕ್ಸ್‌ಗೆ ಅದೇ ದೊಡ್ಡ ಪೆಟ್ಟು. ಇದಕ್ಕೆ ಪರಿಹಾರವಾಗಿ 1998ರಲ್ಲಿ ಟಿ.38 ಎಂಬ ಮಾನಕ ಬಂದಿತು. ಇದರಲ್ಲಿ ಫ್ಯಾಕ್ಸ್‌ನ ಧ್ವನಿಯನ್ನು ಧ್ವನಿಯಾಗಿ ಸಾಗಿಸದೆ, ಅದರಲ್ಲಿರುವ ಮಾಹಿತಿಯನ್ನೇ ಹೊರತೆಗೆದು ಸಾಗಿಸಲಾಗುತ್ತದೆ. ನಿಮ್ಮ ಸೇವಾದಾತರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ‘ಈ ಸಂಪರ್ಕದಲ್ಲಿ ಟಿ.38 ಇದೆಯೆ?’

ಇಲ್ಲವಾದರೆ ಧ್ವನಿಯನ್ನು ಸಂಕುಚಿಸದ ಜಿ.711 ವಿಧಾನವಾದರೂ ಇರಬೇಕು. ಮಾತಿಗಾಗಿ ಸಂಕುಚಿಸುವ ಜಿ.729ರಂತಹ ವಿಧಾನಗಳಲ್ಲಿ ಫ್ಯಾಕ್ಸ್‌ನ ಧ್ವನಿ ಗುರುತು ಸಿಗದಷ್ಟು ಕೆಡುತ್ತದೆ. ಜಿ.711ರ ಮೇಲೆ ಕಳುಹಿಸುವಾಗ ವಿ.34ಅನ್ನು ನಿಷ್ಕ್ರಿಯಗೊಳಿಸಿ, ವೇಗವನ್ನು 9600ಕ್ಕೆ ಸೀಮಿತಗೊಳಿಸಿದರೆ ಯಶಸ್ಸಿನ ಸಂಭವ ಹೆಚ್ಚು. ಕರೆಗಳು ನಡುವೆಯೇ ತುಂಡಾಗುತ್ತಿದ್ದರೆ ಕೆಲವರು ಇಸಿಎಂ ಸೌಲಭ್ಯವನ್ನು ತೆಗೆಯುತ್ತಾರೆ. ಆಗ ಕರೆ ಮುಗಿಯಬಹುದು, ಆದರೆ ಪುಟದ ಸಾಲುಗಳು ಹಾಳಾಗಿರಬಹುದು. ಅಂಕಿಗಳಿರುವ ದಾಖಲೆಗಳಿಗೆ ಈ ಉಪಾಯ ಸಲ್ಲದು.

ಮೊಬೈಲ್ ಫೋನಿನ ಸಂಪರ್ಕವನ್ನು ಫ್ಯಾಕ್ಸ್ ಮೋಡೆಮ್‌ಗೆ ಬಳಸುವ ಯೋಚನೆಯನ್ನು ಬಿಡುವುದೇ ಒಳ್ಳೆಯದು. ಮೊಬೈಲ್ ಜಾಲವು ಮನುಷ್ಯನ ಮಾತಿಗೆ ತಕ್ಕಂತೆ ಧ್ವನಿಯನ್ನು ಹಿಂಡುತ್ತದೆ.

ದೇಶದ ಹೊರಗಿರುವ ಕನ್ನಡಿಗರೂ ಇದನ್ನು ಗಮನಿಸಬೇಕು. ಬ್ರಿಟನ್ನಿನಲ್ಲಿ ಹಳೆಯ ದೂರವಾಣಿ ಜಾಲವನ್ನು 2027ರ ಜನವರಿಯೊಳಗೆ ಮುಚ್ಚಲು ಗಡುವು ನಿಗದಿಯಾಗಿದೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯು 2019ರ ಜನವರಿಯಿಂದಲೇ ಹೊಸ ಫ್ಯಾಕ್ಸ್ ಯಂತ್ರಗಳ ಖರೀದಿಯನ್ನು ನಿಷೇಧಿಸಿತ್ತು. ಅಂತಹ ಕಡೆಗಳಲ್ಲಿ ಈಗ ಫ್ಯಾಕ್ಸ್ ಮೋಡೆಮ್ ಕೊಳ್ಳುವುದು ವಿವೇಕವೆನಿಸದು.

ಮೋಡೆಮ್‌ನ ‘ಮಿದುಳು’ ಎಲ್ಲಿದೆ?

ಇದೇ ಈ ಲೇಖನದ ಮುಖ್ಯ ಪ್ರಶ್ನೆ. ಹೊರನೋಟಕ್ಕೆ ಒಂದೇ ರೀತಿ ಕಾಣುವ ಮೋಡೆಮ್‌ಗಳಲ್ಲಿ ಎರಡು ಜಾತಿಗಳಿವೆ.

ಮೊದಲನೆಯದು ಸ್ವಂತ ನಿಯಂತ್ರಕವುಳ್ಳ ಮೋಡೆಮ್. ಧ್ವನಿಯನ್ನು ಮಾಹಿತಿಯನ್ನಾಗಿ ಪರಿವರ್ತಿಸುವ ಕೆಲಸ, ಆಜ್ಞೆಗಳನ್ನು ಅರ್ಥ ಮಾಡಿಕೊಳ್ಳುವ ಕೆಲಸ, ಎಲ್ಲವೂ ಅದರೊಳಗಿನ ಚಿಪ್‌ನಲ್ಲಿಯೇ ನಡೆಯುತ್ತದೆ. ಗಣಕವು ಅದಕ್ಕೆ ಸರಳವಾದ ಆಜ್ಞೆಗಳನ್ನು ಕಳುಹಿಸಿದರೆ ಸಾಕು. ಸೀರಿಯಲ್ ಕಿಂಡಿಗೆ ಜೋಡಿಸುವ ಹಳೆಯ ಬಾಹ್ಯ ಮೋಡೆಮ್‌ಗಳು ಬಹುತೇಕ ಈ ಬಗೆಯವು. ಯುಎಸ್‌ಬಿ ಮೋಡೆಮ್‌ಗಳಲ್ಲಿಯೂ ಈ ಬಗೆಯವು ಇವೆ. ಯುಎಸ್‌ರೊಬೊಟಿಕ್ಸ್ ಸಂಸ್ಥೆಯ 5637 ಎಂಬ ಮಾದರಿ ಇದಕ್ಕೊಂದು ಉದಾಹರಣೆ.

ಎರಡನೆಯದು ‘ವಿನ್‌ಮೋಡೆಮ್’ ಅಥವಾ ಸಾಫ್ಟ್ ಮೋಡೆಮ್. ಇದರಲ್ಲಿರುವುದು ತಂತಿಗೆ ಜೋಡಿಸುವ ಕನಿಷ್ಠ ಭಾಗಗಳಷ್ಟೇ. ಉಳಿದ ಕೆಲಸವನ್ನೆಲ್ಲ ಗಣಕದ ಪ್ರೊಸೆಸರ್ ಮಾಡಬೇಕು. ಹಾಗೆ ಮಾಡಿಸುವುದು ಡ್ರೈವರ್ ತಂತ್ರಾಂಶ. ಇವು ಅಗ್ಗ. ಆದುದರಿಂದಲೇ 2000ರ ದಶಕದಲ್ಲಿ ಜೋಡಿಸಿ ಮಾರುತ್ತಿದ್ದ ಗಣಕಗಳಲ್ಲಿಯೂ ಲ್ಯಾಪ್‌ಟಾಪ್‌ಗಳಲ್ಲಿಯೂ ಇವೇ ತುಂಬಿದ್ದವು. ಡ್ರೈವರ್ ಇರುವವರೆಗೆ ಇವು ಕೆಲಸ ಮಾಡುತ್ತವೆ. ಅದು ಹೋದ ದಿನ ಇವು ನಿರ್ಜೀವ.

ಇದು ಕೇವಲ ಊಹೆಯ ಮಾತಲ್ಲ. ಏಜಿಯರ್ ಸಂಸ್ಥೆಯ ಚಿಪ್ ಇರುವ ಮೋಡೆಮ್‌ಗಳಿಗಾಗಿ ಒಂದು ಡ್ರೈವರ್ ವಿಂಡೋಸ್‌ನ ಜೊತೆಯಲ್ಲಿಯೇ ಬರುತ್ತಿತ್ತು. ಅದರಲ್ಲಿದ್ದ ದೋಷವನ್ನು ಬಳಸಿಕೊಂಡು ದುಷ್ಕರ್ಮಿಗಳು ಗಣಕದ ಪೂರ್ಣ ಅಧಿಕಾರವನ್ನು ಪಡೆಯಬಹುದಾಗಿತ್ತು. ಮೋಡೆಮ್ ಬಳಕೆಯಲ್ಲಿ ಇಲ್ಲದಿದ್ದರೂ ಅಪಾಯವಿತ್ತು. ಮೈಕ್ರೋಸಾಫ್ಟ್ ಆ ದೋಷವನ್ನು ತಿದ್ದಲಿಲ್ಲ. 2025ರ ಅಕ್ಟೋಬರ್ 14ರ ಪರಿಷ್ಕರಣೆಯಲ್ಲಿ ಆ ಡ್ರೈವರನ್ನೇ ಕಿತ್ತುಹಾಕಿತು. ಅದನ್ನು ಅವಲಂಬಿಸಿರುವ ಫ್ಯಾಕ್ಸ್ ಮೋಡೆಮ್‌ಗಳು ಇನ್ನು ವಿಂಡೋಸ್‌ನಲ್ಲಿ ಕೆಲಸ ಮಾಡುವುದಿಲ್ಲವೆಂದು ಸ್ಪಷ್ಟಪಡಿಸಿತು. ಯಂತ್ರಾಂಶ ಸುಸ್ಥಿತಿಯಲ್ಲಿದ್ದರೂ ಒಂದೇ ದಿನದಲ್ಲಿ ಅದು ನಿರುಪಯುಕ್ತವಾಯಿತು. ಸ್ವಂತ ನಿಯಂತ್ರಕವುಳ್ಳ ಮೋಡೆಮ್‌ಗಳಿಗೆ ಇದರಿಂದ ಏನೂ ಆಗಲಿಲ್ಲ.

ಹೀಗಾಗಿ ನಿಯಮ ಸರಳ. ಮೋಡೆಮ್‌ನ ವಿವರಗಳಲ್ಲಿ ‘ಕಂಟ್ರೋಲರ್ ಆಧಾರಿತ’ ಅಥವಾ ‘ಹಾರ್ಡ್‌ವೇರ್ ಮೋಡೆಮ್’ ಎಂಬ ಮಾತು ಇದೆಯೆ ಎಂದು ನೋಡಬೇಕು. ಲಿನಕ್ಸ್‌ನಲ್ಲಿಯೂ ಕೆಲಸ ಮಾಡುತ್ತದೆ ಎಂದು ತಯಾರಕರು ಹೇಳಿದ್ದರೆ ಅದು ಒಳ್ಳೆಯ ಲಕ್ಷಣ. ‘ವಿಂಡೋಸ್ ಕಡ್ಡಾಯ’ ಎಂದು ಬರೆದಿದ್ದರೆ ಅನುಮಾನಿಸಬೇಕು.

ಕಾರ್ಯಾಚರಣ ವ್ಯವಸ್ಥೆಗೆ ಹೊಂದಿಕೆ

ಮನೆಯ ಅಟ್ಟದಲ್ಲಿ ಹಳೆಯ ಮೋಡೆಮ್ ಇದ್ದರೆ ಅದನ್ನೇ ಬಳಸಬಹುದೆ? ಸೀರಿಯಲ್ ಕಿಂಡಿಯ ಹಾರ್ಡ್‌ವೇರ್ ಮೋಡೆಮ್ ಆಗಿದ್ದರೆ, ಯುಎಸ್‌ಬಿಯಿಂದ ಸೀರಿಯಲ್‌ಗೆ ಪರಿವರ್ತಿಸುವ ಕೇಬಲ್ ಬಳಸಿ ಪ್ರಯತ್ನಿಸಬಹುದು. ಗಣಕದೊಳಗೆ ಕೂರಿಸುವ ಹಳೆಯ ಕಾರ್ಡ್ ಆಗಿದ್ದರೆ ಆಸೆ ಬಿಡಬೇಕು. ವಿಂಡೋಸ್ 11 ಕೇವಲ 64 ಬಿಟ್‌ನ ವ್ಯವಸ್ಥೆ. 32 ಬಿಟ್‌ನ ಹಳೆಯ ಡ್ರೈವರ್‌ಗಳು ಅದರಲ್ಲಿ ನಡೆಯುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದೇ ಮುಗಿಯಿತು. ಆದುದರಿಂದ ಹೊಸ ಮೋಡೆಮ್ ಕೊಳ್ಳುವವರು ವಿಂಡೋಸ್ 11ರ ಹೆಸರು ಸ್ಪಷ್ಟವಾಗಿ ಇರುವ ಮಾದರಿಯನ್ನೇ ಆರಿಸಬೇಕು.

ಲಿನಕ್ಸ್‌ನಲ್ಲಿ ‘ಸಿಡಿಸಿ-ಎಸಿಎಂ’ ಎಂಬ ಯುಎಸ್‌ಬಿ ಮಾನಕವನ್ನು ಅನುಸರಿಸುವ ಮೋಡೆಮ್‌ಗೆ ಪ್ರತ್ಯೇಕ ಡ್ರೈವರ್ ಬೇಡ. ಸಿಕ್ಕಿಸಿದ ಕೂಡಲೇ ಅದು ಸೀರಿಯಲ್ ಸಾಧನವಾಗಿ ಕಾಣಿಸಿಕೊಳ್ಳುತ್ತದೆ.

ಫ್ಯಾಕ್ಸ್ ಕ್ಲಾಸ್ ಎಂದರೇನು?

ತಂತ್ರಾಂಶವು ಮೋಡೆಮ್‌ನೊಡನೆ ಯಾವ ಭಾಷೆಯಲ್ಲಿ ವ್ಯವಹರಿಸುತ್ತದೆ ಎಂಬುದನ್ನು ‘ಕ್ಲಾಸ್’ ಸೂಚಿಸುತ್ತದೆ. ಕ್ಲಾಸ್ 1ರಲ್ಲಿ ಮೇಲೆ ವಿವರಿಸಿದ ಟಿ.30 ಸಂಭಾಷಣೆಯನ್ನು ಗಣಕದ ತಂತ್ರಾಂಶವೇ ನಡೆಸುತ್ತದೆ. ಕ್ಲಾಸ್ 2 ಮತ್ತು 2.0ರಲ್ಲಿ ಆ ಹೊಣೆ ಮೋಡೆಮ್‌ನದು. ಕ್ಲಾಸ್ 2 ಎಂಬುದು ಅಂತಿಮ ಒಪ್ಪಿಗೆ ಪಡೆಯದ ಕರಡೊಂದನ್ನು ಆಧರಿಸಿದ್ದು. ಹೀಗಾಗಿ ಒಬ್ಬ ತಯಾರಕರಿಂದ ಇನ್ನೊಬ್ಬರಿಗೆ ಅದರಲ್ಲಿ ವ್ಯತ್ಯಾಸಗಳುಂಟು. ಅಂತಿಮವಾಗಿ ಒಪ್ಪಿಗೆ ಪಡೆದದ್ದು 2.0.

ಯಾವುದು ಮೇಲು? ಒಂದೇ ಉತ್ತರವಿಲ್ಲ. ಕ್ಲಾಸ್ 1ಅನ್ನು ಬಹುತೇಕ ಎಲ್ಲ ತಂತ್ರಾಂಶಗಳೂ ಬಲ್ಲವು. ಅದರಲ್ಲಿರುವ ದೋಷಗಳನ್ನು ತಂತ್ರಾಂಶದ ಪರಿಷ್ಕರಣೆಯಿಂದಲೇ ಸರಿಪಡಿಸಬಹುದು. ಆದರೆ ಗಣಕವು ಬೇರೆ ಕೆಲಸದಲ್ಲಿ ಮುಳುಗಿದ್ದರೆ ಸಮಯಪಾಲನೆ ತಪ್ಪಬಹುದು. ಕ್ಲಾಸ್ 2.0ರಲ್ಲಿ ಆ ತೊಂದರೆ ಕಡಿಮೆ, ಆದರೆ ಮೋಡೆಮ್‌ನೊಳಗೆ ದೋಷವಿದ್ದರೆ ಬಳಕೆದಾರರು ಅಸಹಾಯಕರು. ಎರಡೂ ಇರುವ ಮೋಡೆಮ್ ಕೊಂಡರೆ, ಒಂದು ಸೋತಾಗ ಇನ್ನೊಂದನ್ನು ಪ್ರಯತ್ನಿಸಬಹುದು.

ಮೋಡೆಮ್ ಯಾವ ಕ್ಲಾಸ್‌ಗಳನ್ನು ಬಲ್ಲದೆಂದು ಪರೀಕ್ಷಿಸುವುದು ಸುಲಭ. ಸೀರಿಯಲ್ ಟರ್ಮಿನಲ್ ತಂತ್ರಾಂಶವೊಂದನ್ನು ತೆರೆದು, ‘ಎಟಿ+ಎಫ್‌ಕ್ಲಾಸ್=?’ ಎಂಬ ಆಜ್ಞೆಯನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆದು ಎಂಟರ್ ಒತ್ತಬೇಕು. ‘0,1,2.0’ ಎಂಬಂತಹ ಉತ್ತರ ಬರುತ್ತದೆ. ಸೊನ್ನೆ ಎಂದರೆ ಮಾಹಿತಿ ಸಂಪರ್ಕ ಮಾತ್ರ. ಉತ್ತರದಲ್ಲಿ ಸೊನ್ನೆಯೊಂದೇ ಇದ್ದರೆ ಆ ಮೋಡೆಮ್‌ಗೆ ಫ್ಯಾಕ್ಸ್ ಬಾರದು.

ತಂತ್ರಾಂಶದ ಆಯ್ಕೆ

ಒಂದು ಕಾಲದಲ್ಲಿ ಫ್ಯಾಕ್ಸ್ ತಂತ್ರಾಂಶವೆಂದರೆ ‘ವಿನ್‌ಫ್ಯಾಕ್ಸ್’ ಎಂಬಂತಿತ್ತು. ಕೆನಡಾದ ಡೆಲ್ರಿನಾ ಸಂಸ್ಥೆಯ ಈ ತಂತ್ರಾಂಶ 1995ರಲ್ಲಿ ಸಿಮ್ಯಾಂಟೆಕ್‌ನ ಪಾಲಾಗಿ, 2006ರಲ್ಲಿ ಸ್ಥಗಿತಗೊಂಡಿತು. ಈಗ ಅದನ್ನು ಹುಡುಕಿ ಅನುಸ್ಥಾಪಿಸುವುದು ವ್ಯರ್ಥ.

ವಿಂಡೋಸ್ 11ರಲ್ಲಿ ‘ವಿಂಡೋಸ್ ಫ್ಯಾಕ್ಸ್ ಅಂಡ್ ಸ್ಕ್ಯಾನ್’ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಕಾಣಿಸದಿದ್ದರೆ ಸೆಟ್ಟಿಂಗ್ಸ್‌ನಲ್ಲಿರುವ ಐಚ್ಛಿಕ ಘಟಕಗಳ ಪಟ್ಟಿಯಿಂದ ಸೇರಿಸಿಕೊಳ್ಳಬಹುದು. ಇದು ಮುದ್ರಕಗಳ ಪಟ್ಟಿಯಲ್ಲಿ ‘ಫ್ಯಾಕ್ಸ್’ ಎಂಬ ಹೆಸರಿನಿಂದ ಸೇರಿಕೊಳ್ಳುತ್ತದೆ. ಯಾವುದೇ ತಂತ್ರಾಂಶದಲ್ಲಿ ಪತ್ರವನ್ನು ತೆರೆದು, ಮುದ್ರಿಸುವ ಆಜ್ಞೆ ಕೊಟ್ಟು, ಫ್ಯಾಕ್ಸ್ ಎಂಬುದನ್ನು ಆರಿಸಿದರಾಯಿತು. ಎಷ್ಟು ಬಾರಿ ಮರುಪ್ರಯತ್ನಿಸಬೇಕು, ಎಷ್ಟು ಹೊತ್ತು ಬಿಟ್ಟು ಪ್ರಯತ್ನಿಸಬೇಕು ಎಂಬುದನ್ನು ನಿಗದಿಪಡಿಸಬಹುದು. ಬಂದ ಫ್ಯಾಕ್ಸ್‌ನ ಪ್ರತಿಯನ್ನು ಒಂದು ಕಡತಕೋಶದಲ್ಲಿ ತಾನಾಗಿಯೇ ಉಳಿಸುವಂತೆಯೂ ಮಾಡಬಹುದು. ಮನೆಯ ಬಳಕೆಗೆ ಇಷ್ಟು ಸಾಕು. ಹಣ ಕೊಟ್ಟು ಬೇರೆ ತಂತ್ರಾಂಶ ಕೊಳ್ಳುವ ಮುನ್ನ ಇದನ್ನೇ ಒಂದು ವಾರ ಬಳಸಿ ನೋಡುವುದು ಲೇಸು.

ಲಿನಕ್ಸ್ ಬಳಸುವವರಿಗೆ ಎರಡು ಮುಖ್ಯ ಆಯ್ಕೆಗಳಿವೆ. ‘ಇಫ್ಯಾಕ್ಸ್’ ಎಂಬುದು ಚಿಕ್ಕದು, ಆಗೊಮ್ಮೆ ಈಗೊಮ್ಮೆ ಕಳುಹಿಸುವವರಿಗೆ ತಕ್ಕದ್ದು. ಸ್ಯಾಮ್ ಲೆಫ್ಲರ್ ಆರಂಭಿಸಿದ ‘ಹೈಲಾಫ್ಯಾಕ್ಸ್’ ದೊಡ್ಡದು. ಮನೆಯ ಅಥವಾ ಕಚೇರಿಯ ಹಲವು ಗಣಕಗಳು ಒಂದೇ ಮೋಡೆಮ್‌ಅನ್ನು ಹಂಚಿಕೊಳ್ಳಬೇಕಾದಾಗ ಇದು ಉಪಯುಕ್ತ. ಅನುಸ್ಥಾಪಿಸಲು ತಾಳ್ಮೆ ಬೇಕು. ಒಮ್ಮೆ ನೆಲೆಗೊಂಡ ಮೇಲೆ ಪ್ರತಿ ಕರೆಯ ವಿವರವನ್ನೂ ದಾಖಲಿಸಿಡುತ್ತದೆ.

ತಂತ್ರಾಂಶ ಯಾವುದೇ ಇರಲಿ, ಪ್ರತಿ ಪುಟದ ನೆತ್ತಿಯ ಮೇಲೆ ಕಳುಹಿಸಿದವರ ಗುರುತು, ದಿನಾಂಕ, ವೇಳೆ ಮತ್ತು ಪುಟಸಂಖ್ಯೆ ಮೂಡುವಂತಿರಬೇಕು. ಗುರುತಿನ ಜಾಗದಲ್ಲಿ 20 ಅಕ್ಷರಗಳಿಗಷ್ಟೇ ಅವಕಾಶ. +91 ಸೇರಿಸಿ ನಿಮ್ಮ ಸಂಖ್ಯೆಯನ್ನು ಬರೆಯಬಹುದು. ಈ ವೇಳೆ ಬರುವುದು ಗಣಕದ ಗಡಿಯಾರದಿಂದ. ಗಡಿಯಾರ ತಪ್ಪಿದ್ದರೆ ಗಡುವಿನೊಳಗೆ ಕಳುಹಿಸಿದ ಪತ್ರವೂ ತಡವಾಗಿ ಹೋದಂತೆ ಕಾಣಬಹುದು.

ಕನ್ನಡ ಪತ್ರಗಳಿಗೆ ವಿಶೇಷ ಸೂಚನೆ

ಫ್ಯಾಕ್ಸ್‌ನಲ್ಲಿ ಹೋಗುವುದು ಅಕ್ಷರಗಳ ಸಂಕೇತವಲ್ಲ, ಪುಟದ ಚಿತ್ರ. ಆದುದರಿಂದ ಯೂನಿಕೋಡ್ ಇರಲಿ, ‘ನುಡಿ’ ಅಥವಾ ‘ಬರಹ’ದ ಹಳೆಯ ಅಕ್ಷರಶೈಲಿಯೇ ಇರಲಿ, ಸ್ವೀಕರಿಸುವವರ ಬಳಿ ಆ ಫಾಂಟ್ ಇರಬೇಕಾಗಿಲ್ಲ.

ಸಮಸ್ಯೆ ಇರುವುದು ಸ್ಪಷ್ಟತೆಯಲ್ಲಿ. 12 ಪಾಯಿಂಟ್ ಗಾತ್ರದ ಒಂದು ಸಾಲಿನ ಎತ್ತರ ಸುಮಾರು 4.2 ಮಿಲಿಮೀಟರ್. ಸಾಧಾರಣ ದರ್ಜೆಯಲ್ಲಿ ಅದಕ್ಕೆ ದೊರೆಯುವುದು ಸುಮಾರು 16 ಗೆರೆಗಳು. ಅಷ್ಟರಲ್ಲಿಯೇ ತಲೆಕಟ್ಟು, ಅಕ್ಷರದ ಒಡಲು, ಕೆಳಗಿನ ಒತ್ತಕ್ಷರ ಎಲ್ಲವೂ ಮೂಡಬೇಕು. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಸೀಳಿನಷ್ಟೇ. ಸಾಧಾರಣ ದರ್ಜೆಯಲ್ಲಿ ಅದು ಮುಚ್ಚಿಹೋಗುವುದು ಸಹಜ. ಕನ್ನಡ ಪತ್ರಗಳನ್ನು ಯಾವಾಗಲೂ ‘ಫೈನ್’ ದರ್ಜೆಯಲ್ಲಿಯೇ ಕಳುಹಿಸಬೇಕು. ಅದರಲ್ಲಿ ಗೆರೆಗಳ ಸಂಖ್ಯೆ ಇಮ್ಮಡಿಯಾಗುತ್ತದೆ, ಸಮಯವೂ ಹೆಚ್ಚುತ್ತದೆ. ಅಕ್ಷರಗಳನ್ನು 14 ಪಾಯಿಂಟಿಗೆ ಏರಿಸಿದರೆ ಇನ್ನೂ ಒಳ್ಳೆಯದು. ಮುಖಪುಟವನ್ನು ಫ್ಯಾಕ್ಸ್ ತಂತ್ರಾಂಶದಲ್ಲಿ ರಚಿಸುವ ಬದಲು, ಪತ್ರದ ಮೊದಲ ಪುಟವಾಗಿ ಪದಸಂಸ್ಕಾರಕದಲ್ಲಿಯೇ ಬರೆಯುವುದು ಸುರಕ್ಷಿತ.

ನಮ್ಮ ತಂತಿಗೆ ಹೊಂದಿಸುವುದು

ಜೋಡಿಸಿದ ಕೂಡಲೇ ‘ಡಯಲ್ ಟೋನ್ ಇಲ್ಲ’ ಎಂಬ ಸಂದೇಶ ಬಂದರೆ ಗಾಬರಿ ಬೇಡ. ಬೇರೆ ದೇಶಕ್ಕಾಗಿ ಸಿದ್ಧವಾದ ಮೋಡೆಮ್ ನಮ್ಮ ದೂರವಾಣಿ ಕೇಂದ್ರದ ಧ್ವನಿಯನ್ನು ಗುರುತಿಸದಿರಬಹುದು. ಮೊದಲು ‘ಫೋನ್ ಅಂಡ್ ಮೋಡೆಮ್’ ವಿಭಾಗದಲ್ಲಿ ದೇಶವನ್ನು ಭಾರತವೆಂದು ಆರಿಸಿ, ಊರಿನ ಎಸ್‌ಟಿಡಿ ಸಂಕೇತವನ್ನು ನಮೂದಿಸಬೇಕು. ಆಗಲೂ ಸರಿಹೋಗದಿದ್ದರೆ ಮೋಡೆಮ್‌ನ ಹೆಚ್ಚುವರಿ ಆರಂಭಿಕ ಆಜ್ಞೆಗಳ ಜಾಗದಲ್ಲಿ ‘ಎಕ್ಸ್3’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದರೆ, ಮೋಡೆಮ್ ಧ್ವನಿಗಾಗಿ ಕಾಯದೆ ಸಂಖ್ಯೆಯನ್ನು ಒತ್ತುತ್ತದೆ. ಕರೆ ಕಾಯುವಿಕೆ ಸೌಲಭ್ಯವಿದ್ದರೆ ಫ್ಯಾಕ್ಸ್ ಕಳುಹಿಸುವಾಗ ಅದನ್ನು ತೆಗೆದಿಡಬೇಕು. ಅದರ ಒಂದು ‘ಬೀಪ್’ ಇಡೀ ಪುಟವನ್ನು ಕೆಡಿಸಬಲ್ಲದು.

ಮುಂಗಾರಿಗೆ ಮುನ್ನ, ಏಪ್ರಿಲ್-ಮೇ ತಿಂಗಳುಗಳಲ್ಲಿ ಗುಡುಗು-ಸಿಡಿಲು ಹೆಚ್ಚಿರುವ ಮಲೆನಾಡು, ಕರಾವಳಿಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಸಿಡಿಲಿನ ಹೊಡೆತ ವಿದ್ಯುತ್ ತಂತಿಯಿಂದ ಮಾತ್ರವಲ್ಲ, ದೂರವಾಣಿಯ ತಾಮ್ರದ ತಂತಿಯಿಂದಲೂ ಬರುತ್ತದೆ. ಮೋಡೆಮ್ ಸುಟ್ಟರೆ ಅದರೊಡನೆ ಗಣಕದ ಯುಎಸ್‌ಬಿ ಕಿಂಡಿಗೂ ಹಾನಿಯಾಗಬಹುದು. ಮೋಡ ಕವಿದಾಗ ತಂತಿಯನ್ನು ಕಿತ್ತಿಡುವುದೇ ಖಚಿತವಾದ ರಕ್ಷಣೆ.

ಸ್ವೀಕಾರ, ವರದಿ ಮತ್ತು ಗೋಪ್ಯತೆ

ಫ್ಯಾಕ್ಸ್ ಸ್ವೀಕರಿಸಬೇಕಾದರೆ ಗಣಕ ಸದಾ ಚಾಲನೆಯಲ್ಲಿರಬೇಕು. ನಿದ್ರಾಸ್ಥಿತಿಗೆ ಹೋಗದಂತೆ ಹೊಂದಿಸಬೇಕು. ಮಾತಿಗೂ ಫ್ಯಾಕ್ಸ್‌ಗೂ ಒಂದೇ ತಂತಿ ಇದ್ದರೆ ಸ್ವಯಂಚಾಲಿತ ಉತ್ತರವನ್ನು ಬಿಟ್ಟು, ಫ್ಯಾಕ್ಸ್‌ನ ಧ್ವನಿ ಕೇಳಿಸಿದಾಗ ಮಾತ್ರ ಕೈಯಿಂದಲೇ ಸ್ವೀಕರಿಸುವುದು ಮೇಲು. ಇಲ್ಲವಾದರೆ ಮನೆಗೆ ಕರೆ ಮಾಡಿದ ಬಂಧುಗಳ ಕಿವಿಗೆ ಮೋಡೆಮ್‌ನ ಕೀರಲು ಧ್ವನಿಯೇ ಗತಿ.

ಕಳುಹಿಸಿದ ಮೇಲೆ ಬರುವ ವರದಿಯನ್ನು ಉಳಿಸಿಕೊಳ್ಳಬೇಕು. ಆದರೆ ಅದು ಯಂತ್ರ ಸ್ವೀಕರಿಸಿತು ಎಂಬುದಕ್ಕಷ್ಟೇ ಸಾಕ್ಷಿ, ಮನುಷ್ಯರು ಓದಿದರು ಎಂಬುದಕ್ಕಲ್ಲ. 2018ರ ನವೆಂಬರ್ 21ರಂದು ಜಮ್ಮು-ಕಾಶ್ಮೀರದಲ್ಲಿ ಸರಕಾರ ರಚನೆಯ ಹಕ್ಕು ಮಂಡಿಸುವ ಪತ್ರವನ್ನು ಕಳುಹಿಸಲು ಯತ್ನಿಸಿದರೂ ರಾಜಭವನದ ಫ್ಯಾಕ್ಸ್‌ಗೆ ಅದು ಹೋಗುತ್ತಿಲ್ಲವೆಂದು ಮೆಹಬೂಬಾ ಮುಫ್ತಿ ಹೇಳಿದ್ದರು. ಅಂದೇ ರಾತ್ರಿ ವಿಧಾನಸಭೆ ವಿಸರ್ಜನೆಯಾಯಿತು. ಹಬ್ಬದ ರಜೆಯಾದ್ದರಿಂದ ಫ್ಯಾಕ್ಸ್ ನೋಡಿಕೊಳ್ಳಲು ಯಾರೂ ಇರಲಿಲ್ಲವೆಂದು ರಾಜ್ಯಪಾಲರಾಗಿದ್ದ ಸತ್ಯಪಾಲ್ ಮಲಿಕ್ ಆಮೇಲೆ ತಿಳಿಸಿದರು. ಮಹತ್ವದ ಪತ್ರ ಕಳುಹಿಸಿದವರು ದೂರವಾಣಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಎಂದಿಗೂ ಒಳ್ಳೆಯದು.

ಗೋಪ್ಯತೆಯ ವಿಷಯದಲ್ಲಿ ಫ್ಯಾಕ್ಸ್ ತಾನಾಗಿಯೇ ಸುರಕ್ಷಿತವೆಂಬ ನಂಬಿಕೆ ಪೂರ್ತಿ ಸರಿಯಲ್ಲ. ಸಾಮಾನ್ಯ ಫ್ಯಾಕ್ಸ್‌ನಲ್ಲಿ ಗೂಢಲಿಪಿಯಿಲ್ಲ. ಫ್ಯಾಕ್ಸ್ ಸೌಲಭ್ಯವಿರುವ ಮುದ್ರಕಗಳಿಗೆ ದೂರವಾಣಿ ತಂತಿಯ ಮೂಲಕವೇ ದಾಳಿ ಮಾಡಬಹುದೆಂದು ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು 2018ರಲ್ಲಿ ತೋರಿಸಿಕೊಟ್ಟಿದ್ದರು. ಬಳಸದಿರುವಾಗ ಮೋಡೆಮ್‌ನ ತಂತಿಯನ್ನು ಬಿಡಿಸಿಡಬೇಕು. ಕಳುಹಿಸಿದ ಮತ್ತು ಬಂದ ಪುಟಗಳ ಚಿತ್ರಗಳು ಗಣಕದಲ್ಲಿಯೇ ಉಳಿಯುವುದರಿಂದ, ಬೇಡವಾದವನ್ನು ಆಗಾಗ ಅಳಿಸಬೇಕು.

ಕೊಳ್ಳುವ ಮುನ್ನ ಪರಿಶೀಲಿಸಿ

1. ದೂರವಾಣಿ ಸಂಪರ್ಕ ತಾಮ್ರದ್ದೇ, ಫೈಬರಿನದೇ? ಫೈಬರ್ ಆದರೆ ಟಿ.38 ಅಥವಾ ಜಿ.711 ಇದೆಯೆ?
2. ಮೋಡೆಮ್ ಕಂಟ್ರೋಲರ್ ಆಧಾರಿತವೆ?
3. ನಿಮ್ಮ ಗಣಕದ ಕಾರ್ಯಾಚರಣ ವ್ಯವಸ್ಥೆಯ ಹೆಸರು ಅದರ ವಿವರಗಳಲ್ಲಿ ಸ್ಪಷ್ಟವಾಗಿ ಇದೆಯೆ?
4. ಗ್ರೂಪ್ 3, ವಿ.17, ಇಸಿಎಂ ಸೌಲಭ್ಯಗಳಿವೆಯೆ? 56ಕೆ ಎಂಬುದನ್ನು ಲೆಕ್ಕಿಸಬೇಡಿ.
5. ಕ್ಲಾಸ್ 1ರ ಜೊತೆಗೆ 2.0 ಕೂಡ ಇದೆಯೆ?
6. ಗಣಕದಲ್ಲಿ ಈಗಾಗಲೇ ಇರುವ ಉಚಿತ ತಂತ್ರಾಂಶವನ್ನು ಪರೀಕ್ಷಿಸಿದ್ದೀರಾ?
7. ಕೆಲಸ ಮಾಡದಿದ್ದರೆ ಮರಳಿಸಲು ಅಂಗಡಿಯವರು ಒಪ್ಪುತ್ತಾರೆಯೆ?

ಮೋಡೆಮ್ ಮನೆಗೆ ಬಂದ ದಿನವೇ ಪರಿಚಿತರ ಫ್ಯಾಕ್ಸ್ ಸಂಖ್ಯೆಗೆ, ಕನ್ನಡ ಹಾಗೂ ಅಂಕಿಗಳಿರುವ ಎರಡು-ಮೂರು ಪುಟಗಳನ್ನು ಕಳುಹಿಸಿ, ಅಲ್ಲಿ ಹೇಗೆ ಮೂಡಿದೆಯೆಂದು ವಿಚಾರಿಸಬೇಕು. ಸರ್ವ ಸಿದ್ಧತೆಯೂ ಸರಿಯಿದೆಯೆಂದು ತಿಳಿಯಲು ಅದಕ್ಕಿಂತ ಉತ್ತಮ ಪರೀಕ್ಷೆಯಿಲ್ಲ. ಗಡುವಿನ ದಿನ ಸಂಜೆ ನಡೆಸುವ ಪರೀಕ್ಷೆಯಿಂದ ಯಾರಿಗೂ ಉಪಯೋಗವಾಗದು.